ಕಂಡಕ್ಟರ್ ಸೀಟು

ಟೈಲರ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೂಗಿ ಎಂದೇ ಕರೆಯುತ್ತಿದ್ದರು. ಎಂಟು ವರ್ಷದಿಂದ ಕಿಟಕಿ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ದಾರ ಮುಗಿದರೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಖಾಲಿ ರೀಲನ್ನು ಮೇಜಿನ ತುದಿಗೆ ಸರಿಸಿ, ಯಾರಾದರೂ ನೋಡಿಯಾರು ಎಂದು ಕಾಯುತ್ತಿದ್ದಳು. ಅಂಥವಳು ಆ ಬೆಳಿಗ್ಗೆ ಅಪ್ಪನ ಕೈ ಹಿಡಿದುಕೊಂಡು ಮೊದಲ ಸಲ ವಿಮಾನ ಹತ್ತಿದಳು.

ಹಿಂದಿನ ಸಂಜೆ ಅಕ್ಕನ ಫೋನು ಬಂದಿತ್ತು. ಚಿಕಿತ್ಸೆಗೆಂದು ಅಮ್ಮ ಎರಡು ತಿಂಗಳಿಂದ ಅಕ್ಕನ ಊರಿನಲ್ಲಿದ್ದಳು. "ಅಪ್ಪನ್ನ ಕೇಳ್ತಾನೇ ಇದಾಳೆ ಕಣೆ. ನಾಳೆ ಮಧ್ಯಾಹ್ನದ ಒಳಗೆ ಕರ್ಕೊಂಡು ಬಾ. ಆಮೇಲೆ ನಂಬೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿಬಿಟ್ರು." ಟಿಕೆಟನ್ನೂ ಅಕ್ಕನೇ ಮಾಡಿಸಿ ಕಳಿಸಿದ್ದಳು. ಆ ಊರಿಗೆ ದಿನಕ್ಕೆ ಒಂದೇ ವಿಮಾನ.

ಅಪ್ಪ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಈಚೆಗೆ ಮರೆವು ಹಿಡಿದು ಮನೆಯ ದಾರಿ, ಮಕ್ಕಳ ಮುಖ, ಊಟ ಮಾಡಿದೆನೋ ಇಲ್ಲವೋ ಎಂಬುದು ಒಂದೊಂದೇ ಜಾರಿಹೋಗಿ, ಕೊನೆಗೆ ಉಳಿದದ್ದು ಎರಡೇ. ಹೆಂಡತಿ ಮತ್ತು ಬಸ್ಸು.

ನಿಲ್ದಾಣದ ಕೌಂಟರಿನಲ್ಲಿ ಅಪ್ಪನಿಗೆ ಹದಿನಾಲ್ಕನೇ ಸಾಲು, ತನಗೆ ಇಪ್ಪತ್ತೆರಡನೇ ಸಾಲು ಬಂದದ್ದನ್ನು ಅವಳು ನೋಡಿದ್ದಳು. "ಎಲ್ಲ ಸರಿ ಇದೆಯಾ?" ಎಂದು ಕೌಂಟರಿನವಳು ಕೇಳಿದಾಗ ತಲೆಯಾಡಿಸಿದಳು. ಕಂಡಕ್ಟರ್ ಮಗಳಲ್ಲವೇ, ಒಳಗೆ ಹತ್ತಿದ ಮೇಲೆ ಹೇಗೋ ಹೊಂದಿಸಿಕೊಂಡರಾಯಿತು ಎಂದುಕೊಂಡಳು. ಅಪ್ಪನ ಬಸ್ಸಿನಲ್ಲಿ ಎಲ್ಲರೂ ಹಾಗೇ ಕೂರುತ್ತಿದ್ದದ್ದು.

ಅದು ಅತ್ತ ಎರಡು, ಇತ್ತ ಎರಡು ಸೀಟಿನ ಸಣ್ಣ ವಿಮಾನ. ಅಪ್ಪನದು ಕಿಟಕಿ ಸೀಟು. ಪಕ್ಕದಲ್ಲಿ, ದಾರಿಯ ಕಡೆಗೆ, ಬಿಳಿ ಅಂಗಿಯವನೊಬ್ಬ ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವನ ಎರಡನೇ ಗುಂಡಿಯ ದಾರ ಸಡಿಲವಾಗಿತ್ತು. ಅದನ್ನೇ ನೋಡುತ್ತ ಅವಳು ಅಂದಳು: "ಸರ್, ನನ್ನ ಸೀಟು ಹಿಂದೆ ಇದೆ. ನೀವು ಅಲ್ಲಿ..."

"ನೋಡಮ್ಮ, ಮಂಡಿ ನೋವು ಅಂತ ತಿಂಗಳ ಮುಂಚೆನೇ ಆರಿಸ್ಕೊಂಡಿರೋ ಸೀಟು ಇದು. ಪ್ರತಿ ಸಲ ಯಾರಾದ್ರೂ ಬಂದು ಹಿಂಗೇ ಕೇಳ್ತಾರೆ."

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅಪ್ಪನ ಮರೆವಿನ ವಿಷಯ ಹೇಳಬೇಕಿತ್ತು. ಅಪ್ಪನ ಎದುರೇ ಹೇಳಲು ನಾಲಿಗೆ ಏಳಲಿಲ್ಲ. ಹಿಂದಿನವರು ಚೀಲ ಹೊತ್ತು ನೂಕುತ್ತಿದ್ದರು. ತನ್ನ ಜಾಗಕ್ಕೆ ಹೋಗಿ ಕೂತು, ಎಂಟು ಸಾಲು ಮುಂದಿದ್ದ ನರೆತ ತಲೆಯ ಮೇಲೆ ಕಣ್ಣು ನೆಟ್ಟಳು.

ಬಾಗಿಲು ಹಾಕಿದರು. ಆ ನರೆತ ತಲೆ ಮೇಲೆದ್ದಿತು.

ಬಿಳಿ ಅಂಗಿಯವನ ಮಂಡಿ ದಾಟಿ ಅಪ್ಪ ದಾರಿಯ ನಡುವೆ ಬಂದು ನಿಂತ. "ಟಿಕೆಟ್, ಟಿಕೆಟ್. ಯಾರ್ದ್ರೀ ಇನ್ನೂ ಆಗಿಲ್ಲ?"

ಯಾರೋ ಕಿಸಕ್ಕನೆ ನಕ್ಕರು. ಒಂದು ಮೊಬೈಲು ಮೇಲೆದ್ದಿತು. ಗಗನಸಖಿ ಬಂದು, "ಸರ್, ಕೂತ್ಕೊಳ್ಳಿ, ಹೊರಡ್ತಾ ಇದೀವಿ" ಎಂದಳು.

"ಎಲ್ಲಿಗಮ್ಮ ಹೊರಡೋದು? ನಾನು ರೈಟ್ ಅನ್ನದೆ ಯಾವ ಗಾಡಿ ಹೊರಟಿದೆ?"

ಮೂಗಿ ಓಡಿ ಬಂದು ಅವನ ತೋಳು ಹಿಡಿದು ಕೂರಿಸಿದಳು. ಮತ್ತೆ ಎದ್ದ. ಮತ್ತೆ ಕೂರಿಸಿದಳು. ಮೂರನೇ ಸಲ ಎದ್ದಾಗ ಹಿರಿಯ ಗಗನಸಖಿ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. "ಐದು ನಿಮಿಷ ನೋಡ್ತೀನಿ. ಇವರು ಕೂರ್ಲಿಲ್ಲ ಅಂದ್ರೆ ಇಬ್ರನ್ನೂ ಇಳಿಸ್ಬೇಕಾಗುತ್ತೆ. ನಮಗೂ ಬೇಜಾರೇ, ಏನ್ಮಾಡೋದು."

ಕಂಡಕ್ಟರ್ ಯಾವಾಗ ಕೂರುತ್ತಾನೆ ಎಂಬುದು ಮೂಗಿಗೆ ಗೊತ್ತಿತ್ತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಎಷ್ಟೋ ದಿನ ಅವಳು ಅಪ್ಪನ ಬಸ್ಸಿನಲ್ಲೇ ಕೂತು ಹೋಗಿ ಬಂದದ್ದುಂಟು. ಮುಂದಿನಿಂದ ಹಿಂದಿನವರೆಗೆ ಕೊನೆಯ ಟಿಕೆಟು ಆಗುವ ತನಕ ಅವನು ನಿಂತೇ ಇರುತ್ತಿದ್ದ. ಆಮೇಲೆ ತನ್ನ ಸೀಟಿಗೆ ಬರುತ್ತಿದ್ದ. ಅದರಲ್ಲಿ ಯಾರಾದರೂ ಕೂತಿದ್ದರೆ, ಅವರು ಏಳುವ ತನಕ ಅಲುಗದೆ ಪಕ್ಕದಲ್ಲೇ ನಿಲ್ಲುತ್ತಿದ್ದ.

ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಅಕ್ಕ ಮಂಚದ ಪಕ್ಕ ನಿಂತು ಗಡಿಯಾರ ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಮತ್ತೆ ತೆರೆದಳು.

"ಇವರು ನಮ್ಮಪ್ಪ." ದನಿ ಅವಳದೇ ಅನಿಸಲಿಲ್ಲ. "ಬಸ್ ಕಂಡಕ್ಟರ್ ಆಗಿದ್ರು. ಈಗ ಏನೂ ನೆನಪಿರಲ್ಲ. ಎಲ್ಲರ ಟಿಕೆಟ್ ನೋಡದೆ ಕೂರಲ್ಲ. ನಮ್ಮಮ್ಮ ಅಲ್ಲಿ ಆಸ್ಪತ್ರೇಲಿ... ಇವತ್ತೇ ಹೋಗ್ಬೇಕು ನಾವು. ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ತೋರಿಸಿಬಿಡಿ."

ಎತ್ತಿದ್ದ ಮೊಬೈಲು ಮೆಲ್ಲಗೆ ಕೆಳಗಿಳಿಯಿತು. ಮೊದಲ ಸಾಲಿನ ಮುದುಕಿಯೊಬ್ಬಳು ಚೀಲ ತಡಕಿ ಚೀಟಿ ತೆಗೆದು, "ನಂದು ನೋಡಪ್ಪ, ಆಮೇಲೆ ತೋರಿಸ್ಲಿಲ್ಲ ಅನ್ಬೇಡ" ಎಂದಳು.

ಅಪ್ಪ ಅಲ್ಲಿಂದ ಶುರುಮಾಡಿದ. ಪ್ರತಿ ಚೀಟಿಯ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಗುರುತು ಮಾಡಿ ಹಿಂತಿರುಗಿಸಿದ. ಮೊಬೈಲು ತೋರಿಸಿದವರ ಗಾಜಿಗೂ ಒತ್ತಿದ. ಅವಸರವಿಲ್ಲ ಅವನಿಗೆ. ಹಿರಿಯ ಗಗನಸಖಿ ಗಡಿಯಾರ ನೋಡಿದಳು, ಮತ್ತೆ ನೋಡಿದಳು. ಐದು ನಿಮಿಷ ಯಾವಾಗಲೋ ಮುಗಿದಿತ್ತು. ಅಪ್ಪನ ಬೆನ್ನ ಹಿಂದೆ ನಡೆಯುತ್ತ ಮೂಗಿ ಉಳಿದ ಸಾಲು ಎಣಿಸಿದಳು. ಐದು. ನಾಲ್ಕು. ಮೂರು.

ಕೊನೆಯ ಸಾಲು ಮುಗಿಸಿ ಅಪ್ಪ ಹದಿನಾಲ್ಕಕ್ಕೆ ಮರಳಿದ. ಬಿಳಿ ಅಂಗಿಯವನ ಮುಂದೆ ನಿಂತ.

"ಇದು ಕಂಡಕ್ಟರ್ ಸೀಟು ಸ್ವಾಮಿ. ಏಳಿ."

ಅವನು ಏಳಲಿಲ್ಲ. ಅಪ್ಪನೂ ಅಲುಗಲಿಲ್ಲ. ಹಿರಿಯ ಗಗನಸಖಿ ಪೈಲಟ್‌ಗೆ ಹೇಳಲು ಗೋಡೆಯ ಫೋನು ಕೈಗೆತ್ತಿಕೊಂಡಳು. ಮೂಗಿ ಬಿಳಿ ಅಂಗಿಯವನನ್ನು ನೋಡಿದಳು.

ಲ್ಯಾಪ್‌ಟಾಪ್ ಮುಚ್ಚಿದ ಸದ್ದಾಯಿತು. "ಇದನ್ನ ಆಗ್ಲೇ ಹೇಳ್ಬಾರ್ದಿತ್ತೇನಮ್ಮ?" ಎಂದು ಅವನು ಮಂಡಿ ಹಿಡಿದುಕೊಂಡು ಎದ್ದು, ಕುಂಟುತ್ತ ಇಪ್ಪತ್ತೆರಡಕ್ಕೆ ಹೋದ.

ಅವಳು ಕಿಟಕಿಯ ಕಡೆ ನುಸುಳಿದಳು. ಅಪ್ಪ ಕೂತ. ಅವಳು ಅವನ ಬೆಲ್ಟು ಹಾಕಿದಳು. ಗಗನಸಖಿ ಫೋನನ್ನು ಕೊಕ್ಕೆಗೆ ಸಿಕ್ಕಿಸಿದಳು.

ಮಡಿಲಲ್ಲಿ ಅವಳ ಮೊಬೈಲು ಬೆಳಗಿತು. ಅಕ್ಕ: "ಹೊರಟ್ರಾ? ಅಮ್ಮ ಕಣ್ಣು ಬಿಡ್ತಿಲ್ಲ." ಟಿಕೆಟ್ ನೋಡುವುದರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಅದನ್ನು ಎಲ್ಲಿಂದ ತಂದು ತುಂಬುವುದು ಎಂದು ತಿಳಿಯದೆ ಅವಳು "ಹೊರಟ್ವಿ" ಎಂದು ಒತ್ತಿ ಮೊಬೈಲು ಆರಿಸಿದಳು.

ಅಪ್ಪ ಅವಳ ಕಡೆ ತಿರುಗಿದ. ಮುಖದಲ್ಲಿ ಕೆಲಸ ಮುಗಿಸಿದವನ ಸಮಾಧಾನ.

"ನಿಮ್ದು ಟಿಕೆಟ್ ಆಯ್ತಾ ತಾಯಿ?"

ಅವಳು ಚೀಟಿ ಕೊಟ್ಟಳು. ಅವನು ಅಂಚಿಗೆ ಉಗುರು ಒತ್ತಿದ. "ಎಲ್ಲಿಗೆ?"

"ನಿಮ್ಮ ಮನೆಯವರ ಹತ್ರ."

"ಓಹೋ, ಕಾಯ್ತಿರ್ತಾಳೆ ಅವಳು" ಎಂದ ಅಪ್ಪ. ಮುಂದಕ್ಕೆ ಬಾಗಿ ಡ್ರೈವರಿಗೆ ಕೇಳುವಷ್ಟು ಗಟ್ಟಿಯಾಗಿ "ರೈಟ್" ಎಂದ.

ಗಾಡಿ ಇನ್ನೂ ನಿಂತೇ ಇತ್ತು.