ತೊಗಟೆ ಸುಲಿದ ಕಂಬಗಳು

ಸಿಡ್ನಿಯಿಂದ ಬಂದು ನಮ್ಮ ಮ್ಯಾನಿಂಗ್ ನದಿಯ ದಡದಲ್ಲಿ ಮನೆ ಕೊಂಡ ಫೆನ್‌ವಿಕ್, ದೋಣಿ ಕಟ್ಟೆಗೆಂದು ಮರ ಕಡಿಯುವ ಆಲ್ಬಿ ಟ್ರಾಂಟರ್‌ನಿಂದ ಎಂಟು ಟರ್ಪೆಂಟೈನ್ ಮರದ ಕಂಬ ತರಿಸಿಕೊಂಡ. ಹೆಸರು ಕೇಳಿ, ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಎಣ್ಣೆಯ ವಾಸನೆ ಬರುತ್ತದೇನೋ ಎಂದು ದಿಮ್ಮಿಯನ್ನು ಮೂಸಿ ನೋಡಿದ ಮಹಾನುಭಾವ ಅವನು. ಅಂಥವನಿಗೆ ಏನು ಹೇಳುವುದು?

ನದಿ ಸಮುದ್ರ ಸೇರುವಲ್ಲಿ, ಉಪ್ಪುನೀರಿನಲ್ಲಿ, ಮರ ಕೊರೆಯುವ ಹುಳುವಿದೆ. ಬೇರೆ ಮರವಾದರೆ ಕೆಲವೇ ವರ್ಷದಲ್ಲಿ ಜರಡಿ. ಟರ್ಪೆಂಟೈನ್‌ನ ತಿರುಳಿನಲ್ಲಿ ಮರಳಿನಂಥ ಕಣಗಳಿವೆ, ಹುಳುವಿನ ಹಲ್ಲೇ ಸವೆಯುತ್ತದೆ. ಆದರೆ ತಿರುಳಿನ ಸುತ್ತಲ ಎಳೆಯ ಪದರಕ್ಕೆ ಆ ಗಟ್ಟಿತನವಿಲ್ಲ. ಅದಕ್ಕೆ ನಾರುನಾರಾದ ದಪ್ಪ ತೊಗಟೆಯೇ ಕಾವಲು. ಆ ತೊಗಟೆ ಹರಿಯಬಾರದೆಂದು ಎಪ್ಪತ್ತೊಂದರ ಆಲ್ಬಿ ಸರಪಳಿಗೆ ಗೋಣಿ ಸುತ್ತಿ, ತೊಟ್ಟಿಲಿನಿಂದ ಮಗು ಎತ್ತಿದ ಹಾಗೆ ದಿಮ್ಮಿ ಇಳಿಸುತ್ತಾನೆ. ನಲವತ್ತು ವರ್ಷದ ಹಿಂದೆ ಅವನು ಕೊಟ್ಟ ಕಂಬಗಳು ಇನ್ನೂ ಅಲುಗಾಡಿಲ್ಲ. ಅವನಿಗಿರುವ ಆಸ್ತಿಯೆಂದರೆ ಆ ಹೆಸರೊಂದೇ.

ನದಿಯ ತಳಕ್ಕೆ ಕಂಬ ಹೊಡೆದು ನಿಲ್ಲಿಸುವ ತೆಪ್ಪ ನನ್ನದು. ಮಂಗಳವಾರ ಬೆಳಿಗ್ಗೆ ಆಲ್ಬಿಯನ್ನೂ ಕರೆದುಕೊಂಡು ಹೋದರೆ, ದಡದ ಮೇಲೆ ಎಂಟೂ ದಿಮ್ಮಿ ಪುಕ್ಕ ಕಿತ್ತ ಕೋಳಿಗಳಂತೆ ಬೆತ್ತಲೆ! ಫೆನ್‌ವಿಕ್‌ನ ಕೈಯಲ್ಲಿ ರಭಸದಿಂದ ನೀರು ಚಿಮ್ಮುವ ಯಂತ್ರ, ಮುಖದಲ್ಲಿ ಹೆಮ್ಮೆ.

“ನೋಡಿ ಆಲ್ಬಿ, ಎಷ್ಟು ಕ್ಲೀನಾಯ್ತು! ಆ ಕೊಳಕು ಸಿಪ್ಪೆ ಹಾಗೇ ಬಿಟ್ಟು ತಂದಿದ್ರಲ್ಲ.”

“ಕಿತ್ತಳೆ ಹಣ್ಣು ಅಂದ್ಕೊಂಡ್ಯೇನಪ್ಪಾ?” ಎಂದೆ ನಾನು.

“ಐವಿ, ನೀವು ಸುಮ್ನೆ ಕಂಬ ಹೊಡೀರಿ. ಇಂಟರ್ನೆಟ್‌ನಲ್ಲಿ ಓದಿದೀನಿ, ಹುಳ ಕೂರೋದೇ ತೊಗಟೆಯಲ್ಲಂತೆ.”

“ಹುಳಾನೂ ಅದನ್ನೇ ಓದಿರುತ್ತೆ ಬಿಡು,” ಎಂದ ಆಲ್ಬಿ. “ಇವನ್ನ ಬೇಲಿಗೆ ಹಾಕ್ಕೋ. ಬೇರೆ ಎಂಟು ತಂದ್ಕೊಡ್ತೀನಿ, ಪುಕ್ಸಟ್ಟೆ.”

“ಬೇಡ. ನನ್ನ ಕಂಬ, ನನ್ನಿಷ್ಟ. ಯಾರಾದ್ರೂ ಕೇಳಿದ್ರೆ ಟ್ರಾಂಟರ್ ಕಂಬ ಅಂತ್ಲೇ ಹೇಳ್ತೀನಿ. ಖುಷೀನಾ?”

ಆಲ್ಬಿಯ ಮುಖ ಕಪ್ಪಿಟ್ಟಿತು. ತೆಪ್ಪದಿಂದ ಗರಗಸದ ಯಂತ್ರ ತಂದ. ಅವನು ಕಡಿದ ಪ್ರತಿ ದಿಮ್ಮಿಯ ಬುಡದಲ್ಲೂ ಸುತ್ತಿಗೆಯಿಂದ ಒತ್ತಿದ ಅವನ ಗುರುತಿರುತ್ತದೆ. ಒಂದೊಂದರಿಂದಲೂ ಆ ಗುರುತಿನ ಬಿಲ್ಲೆಯನ್ನು ಅಂಗೈ ದಪ್ಪಕ್ಕೆ ಕೊಯ್ದು ತೆಗೆಯತೊಡಗಿದ.

“ಏಯ್! ಏನ್ಮಾಡ್ತಿದೀರಾ? ಕಂಬ ಗಿಡ್ಡ ಆಗಲ್ವಾ?”

“ನಿನ್ನ ಬುದ್ಧಿಗಿಂತ ಉದ್ದ ಇದೆ ಬಿಡು.”

ಎಂಟೂ ಬಿಲ್ಲೆಗಳನ್ನು ಹೇರಿಕೊಂಡು, ಒಂದು ಕಂಬವನ್ನೂ ಹೊಡೆಯದೆ, ನಾನು ತೆಪ್ಪ ತಿರುಗಿಸಿದೆ.

ಫೆನ್‌ವಿಕ್ ಪೇಟೆಯಿಂದ ಕಂಬ ಹೊಡೆಯುವ ಬೇರೊಬ್ಬನನ್ನು ಕರೆಸಿದ. ಬಂದವನು ಯಾರ ಕಂಬ ಎಂದು ಕೇಳಿದನಂತೆ. ಟ್ರಾಂಟರ್‌ದು ಎಂದನಂತೆ ಇವನು, ಎದೆಯುಬ್ಬಿಸಿ. ಬಂದವನು ಟ್ರಾಂಟರ್ ಗುರುತಿಗಾಗಿ ಬೋಳು ಕಂಬಗಳ ಬುಡವನ್ನೆಲ್ಲ ಒಂದೊಂದಾಗಿ ನೋಡಿ, “ಯಾರೋ ನಿಮಗೆ ಟೋಪಿ ಹಾಕಿದಾರೆ ಸ್ವಾಮಿ,” ಎಂದು ಹೇಳಿ ಹೊಡೆಯತೊಡಗಿದನಂತೆ.