ಕಂಠಪೂರ್ತಿ ಪೆಟ್ರೋಲು, ಬಿಗಿಯಾದ ಬಾಗಿಲು

ನಮ್ಮ ಬೀದಿಯ ಬಡಗಿಯಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ಜನ ತಮಾಷೆ ಮಾಡುತ್ತಾರೆ. ಒಬ್ಬಳು ಹೆತ್ತ ಮಗಳು, ಇನ್ನೊಬ್ಬಳು ಅವನ ಹಳೆಯ ಕಾರು. ಕಾರಿಗೇ ವಯಸ್ಸು ಹೆಚ್ಚು. ಆದರೂ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅದರ ವಾಸ. ಶೆಡ್ಡಿನ ಬಾಗಿಲು ಬಡಗಿಯಣ್ಣನ ಕೈಕೆಲಸ. ಧೂಳು ಬರಬಾರದೆಂದು ಅಂಚಿಗೆಲ್ಲ ರಬ್ಬರ್ ಪಟ್ಟಿ ಹೊಡೆದು, ಕೂದಲೆಳೆಯೂ ತೂರದಷ್ಟು ಬಿಗಿ ಮಾಡಿದ್ದ.

ಒಳಗೆ ಮಾತ್ರ ಸದಾ ಪೆಟ್ರೋಲ್ ವಾಸನೆ. ಶೆಡ್ಡಿನಿಂದ ಮನೆಯೊಳಕ್ಕೂ ಒಂದು ಚಿಕ್ಕ ಬಾಗಿಲಿತ್ತು, ಅದು ಮಲಗುವ ಕೋಣೆಗೆ ತೆರೆದುಕೊಳ್ಳುತ್ತಿತ್ತು. ಮನೆಯವರ ಮೂಗಿಗೆ ವಾಸನೆ ಅಭ್ಯಾಸವಾಗಿಹೋಗಿತ್ತು. ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದ ಮಗಳಿಗೆ ಆ ಕೋಣೆ ಕೊಟ್ಟರು. ಅವಳಿಗೆ ದಿನವೂ ತಲೆನೋವು ಶುರುವಾಯಿತು.

"ಅಪ್ಪಾ, ತಲೆ ಸಿಡೀತಿದೆ. ಹೊರಗೆ ಹೋದ್ರೆ ಸರಿಹೋಗತ್ತೆ, ಒಳಗೆ ಬಂದ್ರೆ ಮತ್ತೆ ಶುರು. ಈ ವಾಸನೆಗೇ ಇರಬೇಕು."

"ಮಗು ಹುಟ್ಟಿದ ಮೇಲೆ ನಿದ್ದೆ ಎಲ್ಲಿರತ್ತೆ? ಅದಕ್ಕೇ ತಲೆನೋವು. ನಾನು ಇಷ್ಟು ವರ್ಷದಿಂದ ಈ ವಾಸನೇಲೇ ಇದೀನಿ. ನನಗೇನಾಗಿದೆ?"

"ಏನಾಗಿದೆ ಅಂತ ನನ್ನ ಕೇಳಿ, ಹೇಳ್ತೀನಿ" ಎಂದಳು ಹೆಂಡತಿ.

ಹೆತ್ತವರಿಗೆ ಹೆಗ್ಗಣ ಮುದ್ದು. ಕಾರಿನ ಮೇಲೆ ಒಂದು ಮಾತು ಬಂದರೂ ಬಡಗಿಯಣ್ಣ ಸಹಿಸುತ್ತಿರಲಿಲ್ಲ. ಕೊನೆಗೆ ಮಗಳು, "ಸರಿ, ಭಾನುವಾರ ಮಗೂನ ಕರ್ಕೊಂಡು ನಮ್ಮನೆಗೆ ಹೊರಡ್ತೀನಿ" ಎಂದುಬಿಟ್ಟಳು. ಅವನು ಮೊಮ್ಮಗಳನ್ನು ಇನ್ನೂ ಕಣ್ತುಂಬ ನೋಡಿಕೊಂಡಿರಲಿಲ್ಲ. ಆದರೆ ಸೋಲಲು ಮನಸ್ಸಿಲ್ಲ.

ಮರುದಿನ ಕಾರಿಗೆ ಪೆಟ್ರೋಲ್ ಹಾಕಿಸಿದ. ಬಂಕಿನಲ್ಲಿ ಪೈಪು ಟಕ್ ಎಂದು ತಾನೇ ನಿಂತರೂ, "ಇನ್ನೊಂಚೂರು ಹಿಡಿಸತ್ತೆ, ಹಾಕಪ್ಪ" ಎಂದು ಕಂಠಪೂರ್ತಿ ತುಂಬಿಸುವುದು ಅವನ ಪದ್ಧತಿ. ಟ್ಯಾಂಕಿನಲ್ಲಿ ಜಾಗ ಬಿಟ್ಟರೆ ತುಕ್ಕು ಹಿಡಿಯುತ್ತದೆಂದು ಅವನ ಲೆಕ್ಕ. ತಂದು ಶೆಡ್ಡಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿದ. ಮಧ್ಯಾಹ್ನ ಬಿಸಿಲೇರಿ ತಗಡಿನ ಸೂರು ಕಾದಿತು.

ಆಗ ಮಗು ನೋಡಲು ಬಂದವಳು ಬಡಗಿಯಣ್ಣನ ಒಡಹುಟ್ಟಿದ ಅಣ್ಣನ ಮಗಳು. ಅವಳಿಗೆ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. ಬಚ್ಚಲಲ್ಲಿ ಬಡಗಿಯಣ್ಣನ ಹೆಂಡತಿ ಮೊಮ್ಮಗಳ ಸ್ನಾನಕ್ಕೆ ಬಿಸಿನೀರಿನ ನಲ್ಲಿಗೆ ಕೈ ಹಾಕಿದ್ದಳು.

"ಚಿಕ್ಕಮ್ಮಾ, ನಲ್ಲಿ ತಿರುಗಿಸಬೇಡಿ. ಗ್ಯಾಸ್ ಗೀಸರ್ ಎಲ್ಲಿದೆ?"

"ಶೆಡ್ಡಿನ ಗೋಡೇಲಿ. ಯಾಕೆ?"

"ಮಗೂನ ಎತ್ಕೊಂಡು ಎಲ್ಲರೂ ಆಚೆ ಬನ್ನಿ. ಸ್ವಿಚ್ ಮುಟ್ಟಬೇಡಿ. ಹಾಕೋದೂ ಬೇಡ, ಆರಿಸೋದೂ ಬೇಡ."

"ತಡಿ, ಕಾರ್ ಸ್ಟಾರ್ಟ್ ಮಾಡಿ ಹೊರಗೆ ತಂದುಬಿಡ್ತೀನಿ" ಎಂದ ಬಡಗಿಯಣ್ಣ.

"ಕೀ ನನ್ನ ಕೈಗೆ ಕೊಡಿ ಚಿಕ್ಕಪ್ಪ."

ರಸ್ತೆಯಾಚೆ ನಿಂತು ಅವಳು ಠಾಣೆಗೆ ಫೋನ್ ಮಾಡಿದಳು. ಬಂದವರು ಶೆಡ್ಡಿನ ಬಾಗಿಲು ತೆರೆದು, ಗಾಳಿಯಾಡಿಸಿ, ಸಿಲಿಂಡರ್ ಬಂದ್ ಮಾಡಿ, ಕಾರನ್ನು ಕೈಯಿಂದಲೇ ತಳ್ಳಿ ಹೊರತಂದರು. ಬಡಗಿಯಣ್ಣನಿಗೆ ಬೀದಿಯವರೆದುರು ಮುಖಭಂಗ.

"ಇಷ್ಟು ವರ್ಷ ಆಗದ್ದು ಇವತ್ತು ಯಾಕೆ ಆಗತ್ತೆ? ಸುಮ್ನೆ ಗಾಬರಿ ಮಾಡ್ತೀಯ."

"ಪೆಟ್ರೋಲ್ ಆವಿ ಗಾಳಿಗಿಂತ ಭಾರ ಚಿಕ್ಕಪ್ಪ. ಮೇಲೆ ಹೋಗಲ್ಲ, ನೆಲದ ಮೇಲೆ ಹರೀತಾ ಬಂದು ತುಂಬ್ಕೊಳ್ಳತ್ತೆ. ನಿಮ್ಮ ಬಾಗಿಲಲ್ಲಿ ಸಂದಿಲ್ಲ, ಹೋಗೋಕೆ ದಾರಿ ಎಲ್ಲಿ? ಚಿಕ್ಕಮ್ಮ ಬಚ್ಚಲಲ್ಲಿ ನಲ್ಲಿ ತಿರುಗಿಸಿದ್ರೆ ಗೀಸರ್ ಶೆಡ್ಡಲ್ಲಿ ಭಗ್ ಅಂತ ಹೊತ್ಕೊಳ್ಳತ್ತೆ. ಸ್ವಿಚ್ಚಿಂದಾಗ್ಲಿ, ಕಾರ್ ಸ್ಟಾರ್ಟ್ ಮಾಡುವಾಗಾಗ್ಲಿ ಒಂದು ಕಿಡಿ ಹಾರಿದ್ರೂ ಸಾಕು. ಇಷ್ಟು ವರ್ಷ ಏನೂ ಆಗದೆ ಇದ್ದದ್ದು ಅದೃಷ್ಟ. ಅದನ್ನ ನಂಬ್ಕೊಂಡು ಮಗೂಗೆ ಸ್ನಾನ ಮಾಡಿಸ್ತೀರಾ?"

ಬಡಗಿಯಣ್ಣ ಮಗಳ ತೋಳಿನಲ್ಲಿ ಆಕಳಿಸುತ್ತಿದ್ದ ಕೂಸನ್ನು ನೋಡಿದ. ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟ.

"ನನ್ನಿಂದ ಎಂಥ ಅನಾಹುತ ಆಗ್ತಿತ್ತಲ್ಲಮ್ಮಾ" ಎಂದ. ಕಣ್ಣು ತುಂಬಿತ್ತು. "ಕಾರು ಮಾರಿಬಿಡ್ತೀನಿ."

"ಮಾರೋದ್ಯಾಕೆ? ರಿಪೇರಿ ಮಾಡಿಸಿ ಸಾಕು."

ಮರುದಿನ ಮೆಕ್ಯಾನಿಕ್ ಬಂದು ಬಾನೆಟ್ಟಿನ ಕೆಳಗಿನ ಒಂದು ಕಪ್ಪು ಡಬ್ಬಿ ತೋರಿಸಿದ. ಅದರ ತುಂಬ ಇದ್ದಿಲು. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಆ ಇದ್ದಿಲು ಹೀರಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನು ಎಳೆದು ಸುಡುತ್ತದೆ. ಕಂಠಪೂರ್ತಿ ತುಂಬಿಸಿ ತುಂಬಿಸಿ ಪೆಟ್ರೋಲೇ ಡಬ್ಬಿಗೆ ನುಗ್ಗಿ ಇದ್ದಿಲು ನೆಂದು, ಆವಿ ಹೀರದಂತಾಗಿತ್ತು. ಆವಿ ಹೋಗುವ ರಬ್ಬರ್ ಪೈಪೂ ಒಣಗಿ ಬಿರುಕು ಬಿಟ್ಟಿತ್ತು. ಡಬ್ಬಿ, ಪೈಪು, ಟ್ಯಾಂಕ್ ಮುಚ್ಚಳದ ರಬ್ಬರು, ಮೂರನ್ನೂ ಬದಲಾಯಿಸಿದರು. ಗೀಸರ್ ಮತ್ತು ಸಿಲಿಂಡರ್ ಮನೆಯ ಹಿಂದಿನ ಹೊರಗೋಡೆಗೆ ಹೋದವು.

ಬಡಗಿಯಣ್ಣ ಗರಗಸ ಹಿಡಿದ. ತಾನೇ ಮಾಡಿದ ಚೆಂದದ ಬಾಗಿಲಿಗೆ ನೆಲದ ಹತ್ತಿರ ಒಂದು, ಮೇಲೊಂದು ಜಾಲರಿ ಕಿಂಡಿ ಕೊರೆದ. ಅಲ್ಲಿಂದ ಕಿತ್ತ ರಬ್ಬರ್ ಪಟ್ಟಿಯನ್ನು ಶೆಡ್ಡಿನಿಂದ ಮಲಗುವ ಕೋಣೆಗೆ ಹೋಗುವ ಚಿಕ್ಕ ಬಾಗಿಲಿಗೆ ಹೊಡೆದ. "ಎಲ್ಲಿಗೆ ಬೇಕಿತ್ತೋ ಅಲ್ಲಿಗೆ ಬಂತು ನೋಡಿ" ಎಂದು ಹೆಂಡತಿ ಕಿಚಾಯಿಸಿದರೆ, ಅವನೂ ನಕ್ಕ. ಆ ನಗೆ ನೋಡಿ ನಮಗೆಲ್ಲ ಹೋದ ಜೀವ ಬಂದಂತಾಯಿತು.

ಭಾನುವಾರ ಬಂತು. ಮಗಳು ಹೊರಡಲಿಲ್ಲ. ತಲೆನೋವು ಇಳಿದಿತ್ತು. ತಾಯಿ ಮಗು ಇಬ್ಬರೂ ಬಿಸಿಲೇರುವವರೆಗೆ ನಿದ್ದೆ ಮಾಡಿದರು. ಬಡಗಿಯಣ್ಣ ನಡುಮನೆ ಕಡೆಯ ಬಾಗಿಲನ್ನು ಕೊಂಚ ಸರಿಸಿ ಇಣುಕಿ ನೋಡಿ, ಸದ್ದಾಗದಂತೆ ಹಿಂದೆ ಸರಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ ಇವತ್ತೇ ಒಮ್ಮೆ ನೋಡಿ. ಬಂಕಿನ ಪೈಪು ತಾನೇ ನಿಂತ ಮೇಲೆ ಒಂದು ಹನಿಯೂ ಹೆಚ್ಚು ಹಾಕಿಸಬೇಡಿ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಲೆ, ಗೀಸರ್, ಬೀಡಿ ಬೆಂಕಿ ಬೇಡ. ಗಾಳಿಗೆ ನೆಲಮಟ್ಟದಲ್ಲೂ ದಾರಿ ಇರಲಿ. ಪೈಪು, ಮುಚ್ಚಳ, ಇದ್ದಿಲ ಡಬ್ಬಿಯನ್ನು ತಿಳಿದವರಿಗೆ ತೋರಿಸಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ. ಮನೆಗೆ ಬಂದವರು "ಏನೋ ಪೆಟ್ರೋಲ್ ವಾಸನೆ" ಎಂದರೆ "ನಮಗೇನೂ ಬರ್ತಿಲ್ವಲ್ಲ" ಎಂದು ವಾದಕ್ಕೆ ನಿಲ್ಲಬೇಡಿ. ಮೊದಲು ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ.