ಬಲಕ್ಕೆ ತಿರುಗಿಸಿದರೆ ಜೋರು

ಮಗಳು ಶಿವರಂಜನಿಯ ಎಲೆಕ್ಟ್ರಿಕ್ ಗಿಟಾರಿನ ವಾಲ್ಯೂಮ್ ತಿರುಗಿಸಿದರೆ ಯಾರೋ ಹುರಿಗಡಲೆ ಅಗಿದ ಹಾಗೆ ಕರಕರ ಎನ್ನುತ್ತಿತ್ತು. ಭಾನುವಾರ ಹತ್ತು ಗಂಟೆಗೆ ಯಳಂದೂರಿನಲ್ಲಿ ಗುರುಮಲ್ಲಪ್ಪನವರು ತಮ್ಮ ಆರ್ಕೆಸ್ಟ್ರಾಕ್ಕೆ ಗಿಟಾರ್ ನುಡಿಸುವವರನ್ನು ಆರಿಸುವವರಿದ್ದರು. ಜಾಗ ಒಂದೇ. ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಜಾಗ.

ಕೌದಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಶನಿವಾರ ಬೇಗ ಬಾಗಿಲು ಹಾಕಿ, ರೋಧ ಅಳೆಯುವ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಮಗಳ ಜೊತೆ ಕೊಳ್ಳೇಗಾಲದ ಬಸ್ ಹತ್ತಿದೆ. ಅಲ್ಲಿನ ಮೈಕ್‌ಸೆಟ್ ರಿಪೇರಿಯ ಶಿವನಂಜಯ್ಯನವರು ಬಿಸ್ಕತ್ ಡಬ್ಬಿಯಿಂದ ಒಂದು ರಾಶಿ ವಾಲ್ಯೂಮ್ ಕಂಟ್ರೋಲುಗಳನ್ನು ಮೇಜಿನ ಮೇಲೆ ಸುರಿದರು.

"ಯಾವ್ದಾರ ತಕಳವ್ವ. ತಿರುಗುದ್ರಾಯ್ತು."

"ಇಲ್ಲ ಸಾ, ತಂತಿ ಸೌಂಡ್ ಎಳ್ಕಳೋ ನಮ್ ಪಿಕಪ್ಪಿಗೆ ಐನೂರು ಕೆ ಬೇಕು. ನೂರು ಕೆ ಆಕುದ್ರೆ ಕಂಬ್ಳಿ ಒಳ್ಗಿಂದ ಕೂಗ್ದಂಗಿರ್ತದೆ," ಎಂದಳು ಶಿವರಂಜನಿ.

"ನಿನ್ ಮಗ್ಳು ನಂಗೇ ಪಾಠ ಏಳ್ತಳಲ್ಲ ಯಶೋದಮ್ಮ."

"ನಂಗೂ ದಿನಾ ಏಳ್ತಳೆ ಕಣ್ರಿ," ಎಂದೆ.

ಐನೂರು ಕೆ, ಅಂದರೆ ಕಿಲೋ ಓಮ್, ಎಂದು ಬರೆದಿದ್ದ ಆರನ್ನೂ ಮೀಟರಿಗೆ ಹಿಡಿದೆ. ನಾನೂರ ತೊಂಬತ್ತು ದಾಟಿದ್ದು ಎರಡೇ. ಅರ್ಧಕ್ಕೆ ತಿರುಗಿಸಿದಾಗ ಒಂದು ಇನ್ನೂರೈವತ್ತು ತೋರಿಸಿತು, ಇನ್ನೊಂದು ಬರೀ ಅರವತ್ತು.

"ಅರವತ್ತು ತೋರ್ಸುದ್ದೇ ಕೊಡಿ ಸಾ. ಸೌಂಡು ಮೆಲ್ಮೆಲ್ಲಗೆ ಏರ್ತದೆ," ಎಂದಳು.

ಭಾನುವಾರ ಬೆಳಗ್ಗೆ ಹಳೆಯದನ್ನು ಬಿಚ್ಚಿದೆ. ಗಿಟಾರಿನ ತೂತು ಕೊಂಚ ಚಿಕ್ಕದು. ದುಂಡನೆಯ ಅರದಿಂದ ಉಜ್ಜಿ ಅಗಲ ಮಾಡಿ, ಹೊಸದನ್ನು ಕೂರಿಸಿ ತಂತಿ ಬೆಸೆದೆ. ಅವಳು ಸ್ಪೀಕರಿಗೆ ಸಿಕ್ಕಿಸಿ ಬಲಕ್ಕೆ ಪೂರ್ತಿ ತಿರುಗಿಸಿದಳು. ಸದ್ದೇ ಇಲ್ಲ. ಎಡಕ್ಕೆ ತಿರುಗಿಸಿದಳು. ಅಂಗಡಿಯ ತಗಡು ಅದುರಿತು.

"ಅವ್ವ, ಇದು ಗೇಟ್‌ವಾಲ್ವ್ ಅಲ್ಲ ಕಣವ್ವ."

ನಿಜವೇ. ಇಪ್ಪತ್ತು ವರ್ಷದಿಂದ ಪಂಪಿನ ವಾಲ್ವನ್ನು ಎಡಕ್ಕೆ ತಿರುಗಿಸಿ ನೀರು ಬಿಟ್ಟ ಕೈ ನನ್ನದು; ಸದ್ದನ್ನೂ ಎಡಕ್ಕೇ ತೆರೆಯುವಂತೆ ಬೆಸೆದಿತ್ತು. ಎರಡು ತುದಿಯ ತಂತಿ ಅದಲುಬದಲು ಮಾಡಿದರೆ ಸರಿಹೋಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗಿ, ಬೆಸೆಯುವ ಕಬ್ಬಿಣ ತಣ್ಣಗಾಯಿತು. ಬಸ್ಸಿಗೆ ಇಪ್ಪತ್ತು ನಿಮಿಷ.

"ಇಂಗೇ ತಕಂಡೋಯ್ತೀನಿ ಬುಡು," ಎಂದಳು, ಮುಖ ಸಣ್ಣಗೆ ಮಾಡಿಕೊಂಡು. "ಅಭ್ಯಾಸದಲ್ಲಿ ಬಲಕ್ಕೆ ತಿರುಗ್ಸುದ್ರೆ ಆಡಿನ್ ಮಧ್ಯದಲ್ಲೇ ಸೌಂಡು ನಿಂತೋಯ್ತದೆ, ಅಷ್ಟೆಯ."

"ಸುಮ್ನಿರು. ಒಲೆ ಮೇಲಿನ್ ಆಲಿನ್ ಪಾತ್ರೆ ಕೆಳಗಿಳ್ಸು."

ಕರೆಂಟಿಲ್ಲದ ದಿನ ಮೋಟರ್ ತಂತಿ ಬೆಸೆಯಲೆಂದು ತಾಮ್ರದ ಮೂತಿಯ ದಪ್ಪ ಕಬ್ಬಿಣವೊಂದು ನಮ್ಮಲ್ಲಿದೆ. ಅದನ್ನು ಗ್ಯಾಸ್ ಒಲೆಯ ಮೇಲಿಟ್ಟು ಕಾಯಿಸಿದೆ. ಹೆಚ್ಚು ಹೊತ್ತು ತಾಗಿದರೆ ಕಂಟ್ರೋಲು ಒಳಗೇ ಸುಟ್ಟುಹೋಗುತ್ತದೆ. ಅವಳು ಎಣಿಸಿದಳು: "ಒಂದು, ಎರಡು, ತಗಿ." ನಾಲ್ಕು ಸಲ ಎಣಿಸುವುದರಲ್ಲಿ ಕೆಲಸವಾಯಿತು. ಸ್ಪೀಕರಿನಲ್ಲಿ ಕೇಳಿ ನೋಡಲು ಕರೆಂಟೆಲ್ಲಿ? ಮೀಟರು ಸರಿಯಿದೆ ಎಂದಿತು. ಅದನ್ನೇ ನಂಬಿ ಬಸ್ಸಿಗೆ ಓಡಿದೆವು.

ಯಳಂದೂರಿನಲ್ಲಿ ಇನ್ನಿಬ್ಬರು ನುಡಿಸಿದ ಮೇಲೆ ಅವಳ ಸರದಿ. ಒಂದು ಚರಣವಾಗುತ್ತಲೇ ಗುರುಮಲ್ಲಪ್ಪನವರು ಕೈ ಎತ್ತಿದರು.

"ಒಸಿ ಜೋರಾಗ್ ಕೊಡವ್ವ."

ಶಿವರಂಜನಿ ನನ್ನ ಕಡೆ ನೋಡಲಿಲ್ಲ. ಬಲಕ್ಕೆ ತಿರುಗಿಸಿದಳು. ಸದ್ದು ಮೆಲ್ಲಗೆ, ಎಲ್ಲೂ ಮುಗ್ಗರಿಸದೆ ಏರಿತು. ಡ್ರಮ್ಮಿನವನು ತಾನಾಗಿಯೇ ಜೊತೆಗೂಡಿದ.

"ಒಸಿನೂ ಕರಕರ ಅನ್ನಲ್ವಲ್ಲ, ಇದ್ನ ಎಲ್ಲಿ ರಿಪೇರಿ ಮಾಡುಸ್ದೆ?" ಎಂದು ಗುರುಮಲ್ಲಪ್ಪನವರು ಕೇಳಿದರು, ಮುಗಿದ ಮೇಲೆ.

"ನಮ್ಮವ್ವನೇ ಮಾಡಿದ್ದು ಸಾ."

"ಮುಂದಿನ್ ವಾರ ಅನೂರಲ್ಲಿ ಮದ್ವೆ ಐತೆ. ಗಿಟಾರ್ ತಕಂಡು ಬಾ. ಅವ್ವನ್ನೂ ಕರ್ಕಂಡ್ ಬಾ, ನಮ್ ಆಂಪ್ಲಿಫೈಯರ್ ಒಸಿ ನೋಡ್ಲಿ."

"ಅವ್ಳಿಗೆಲ್ಲಿ ಸಾ ಪುರುಸೊತ್ತು?" ಎಂದಳು ಮಗಳು.

ನಾನಾಗಲೇ ಆ ಆಂಪ್ಲಿಫೈಯರಿನ ಹಿಂದೆ ಕೂತು ಸ್ಕ್ರೂ ಬಿಚ್ಚುತ್ತಿದ್ದೆ.